ಆಟದ ಕಂಪ್ಯೂಟರಿನಲ್ಲಿ ಸ್ಥಳದ ಇಕ್ಕಟ್ಟು

ಉಗ್ರಾಣದಲ್ಲಿ ಜಾಗ ಸಾಲದೆಂದು ತೋರಿದಾಗ ಜಾಣೆಯಾದ ಗೃಹಿಣಿಯು ಆ ಕ್ಷಣವೇ ಹೊಸ ಕೋಣೆಯನ್ನು ಕಟ್ಟಿಸಬೇಕೆನ್ನುವುದಿಲ್ಲ. ಕೈಗೆ ಸಿಕ್ಕಿದ ಮೂಟೆಯನ್ನು ಹೊರಗೆ ಎಸೆಯುವುದೂ ಇಲ್ಲ. ಯಾವ ಮೂಲೆಯಲ್ಲಿ ಏನಿದೆ, ಅದರಲ್ಲಿ ಬೇಕಾದುದೆಷ್ಟು, ಬೇಡವಾದುದೆಷ್ಟು ಎಂದು ಮೊದಲು ನೋಡುವಳು. ಈ ಸಾಮಾನ್ಯವಾದ ವಿವೇಕವು ಕಂಪ್ಯೂಟರಿನ ವಿಷಯ ಬಂದಾಗ ನಮ್ಮಲ್ಲಿ ಅನೇಕರನ್ನು ಬಿಟ್ಟುಹೋಗುವುದುಂಟು.

ಈಗ ಎಷ್ಟೋ ಮನೆಗಳಲ್ಲಿ ಒಂದೇ ಕಂಪ್ಯೂಟರು ಎಲ್ಲರ ಕೆಲಸಕ್ಕೂ ಒದಗುತ್ತದೆ. ಮಕ್ಕಳ ಪಾಠ, ತಂದೆಯ ಲೆಕ್ಕಪತ್ರ, ಮದುವೆ ಮುಂಜಿಗಳ ಚಿತ್ರಗಳು, ಸಂಜೆಯ ಹೊತ್ತಿನ ಆಟ, ಎಲ್ಲವೂ ಅದರಲ್ಲಿಯೇ. ಆಟವು ನೆಟ್ಟಗೆ ನಡೆಯುವವರೆಗೆ ಹಿರಿಯರು ಅದರ ಗೊಡವೆಗೆ ಹೋಗುವುದಿಲ್ಲ. ಒಂದು ದಿನ ಆಟವು ನಡುವೆ ನಿಂತು, ಮೆಮೊರಿ ಸಾಲದೆಂದೋ ಡಿಸ್ಕಿನಲ್ಲಿ ಸ್ಥಳವಿಲ್ಲವೆಂದೋ ತೆರೆಯ ಮೇಲೆ ಬರಹ ಮೂಡಿದಾಗ ಎರಡು ಬಗೆಯ ಸಲಹೆಗಳು ಹುಟ್ಟುತ್ತವೆ. ಹೊಸ ಯಂತ್ರವನ್ನೇ ಕೊಳ್ಳಬೇಕೆಂದು ಮಕ್ಕಳ ವಾದ. ಆಟವನ್ನೇ ಅಳಿಸಿಬಿಡಬೇಕೆಂದು ಹಿರಿಯರ ತೀರ್ಪು. ಮೊದಲನೆಯದರಿಂದ ಹಣ ವ್ಯರ್ಥವಾಗಬಹುದು. ಎರಡನೆಯದರಿಂದ, ಮಗುವು ಎರಡು ಮೂರು ವರ್ಷ ಕುಳಿತು ಕಟ್ಟಿದುದೆಲ್ಲ ಒಂದು ನಿಮಿಷದಲ್ಲಿ ಮಣ್ಣುಪಾಲಾಗಬಹುದು. ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಸಾಲದೆ ಹೋದುದು ಯಾವ ಸ್ಥಳ? ಈ ಪ್ರಶ್ನೆಗೆ ಉತ್ತರವನ್ನು ಕಂಡುಕೊಳ್ಳುವ ಬಗೆಯನ್ನು ವಾಚಕರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಮಾಡ್ ಎಂದರೇನು?

ಆಟವನ್ನು ಮಾಡಿದ ಸಂಸ್ಥೆಯವರು ಕೊಟ್ಟುದಕ್ಕೆ ಆಡುವವರೇ ಸೇರಿಸಿಕೊಳ್ಳುವ ಮಾರ್ಪಾಟಿಗೆ ‘ಮಾಡ್’ ಎಂದು ಹೆಸರು. ಒಂದು ಮಾಡು ಹೊಸ ಮೃಗಗಳನ್ನು ತರುತ್ತದೆ. ಇನ್ನೊಂದು ಹೊಸ ಯಂತ್ರಗಳನ್ನು. ಮತ್ತೊಂದು ಕಲ್ಲು, ಮರ, ನೀರುಗಳ ಚಿತ್ರಗಳನ್ನು ಹೆಚ್ಚು ನುಣುಪಾಗಿ ಬರೆಯುತ್ತದೆ. ಇವುಗಳಲ್ಲಿ ಬಹುಪಾಲು, ಹವ್ಯಾಸಿಗಳು ಬಿಡುವಿನ ವೇಳೆಯಲ್ಲಿ ಮಾಡಿ ಹಂಚಿದಂಥವು. ಮೂಲದ ಆಟವನ್ನು ಮಾಡಿದವರು ಅದಕ್ಕೆ ಇಷ್ಟು ಮೆಮೊರಿ, ಇಷ್ಟು ಡಿಸ್ಕು ಬೇಕೆಂದು ಅಳೆದು ಹೇಳಿರುತ್ತಾರೆ. ಆದರೆ ಅದರ ಮೇಲೆ ನೂರು ಮಾಡುಗಳನ್ನು ಹೇರಿದಾಗ ಎಷ್ಟು ಬೇಕಾಗುವುದೆಂಬುದನ್ನು ಮೊದಲೇ ಯಾರೂ ಅಳೆದಿರುವುದಿಲ್ಲ. ತೊಡಕಿನ ಮೂಲ ಇಲ್ಲಿದೆ.

ನಿದರ್ಶನಕ್ಕಾಗಿ ಎರಡು ಆಟಗಳನ್ನು ಆರಿಸಿಕೊಳ್ಳೋಣ. ಮೊದಲನೆಯದು ‘ಮೈನ್‌ಕ್ರಾಫ್ಟ್’. ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದ ಮೊಜಾಂಗ್ ಸಂಸ್ಥೆಯದು. ೨೦೦೯ರಲ್ಲಿ ಮೊದಲು ಜನರ ಕೈಸೇರಿ, ೨೦೧೧ನೆಯ ನವೆಂಬರ್ ತಿಂಗಳಲ್ಲಿ ಪೂರ್ಣರೂಪದಲ್ಲಿ ಹೊರಬಂದಿತು. ೨೦೧೪ರಲ್ಲಿ ಆ ಸಂಸ್ಥೆಯನ್ನು ಮೈಕ್ರೋಸಾಫ್ಟ್ ಕೊಂಡಿತು. ಎರಡನೆಯದು ಅಮೆರಿಕೆಯ ಬೆಥೆಸ್ಡಾ ಸಂಸ್ಥೆಯ ‘ಸ್ಕೈರಿಮ್’. ಅದೂ ೨೦೧೧ನೆಯ ನವೆಂಬರಿನಲ್ಲಿಯೇ ಹೊರಬಂದುದು. ಈ ಎರಡಕ್ಕೂ ಇರುವಷ್ಟು ಮಾಡುಗಳು ಬೇರೆ ಆಟಗಳಿಗೆ ಇರುವುದು ಅಪರೂಪ. ಇವುಗಳಲ್ಲಿ ಕಾಣುವ ತೊಡಕುಗಳೇ ಸ್ವಲ್ಪ ಹೆಚ್ಚುಕಡಿಮೆಯಾಗಿ ಉಳಿದೆಡೆಗಳಲ್ಲಿಯೂ ಕಾಣುತ್ತವೆ.

ಮೂರು ಸ್ಥಳಗಳು

ಕಂಪ್ಯೂಟರಿನಲ್ಲಿ ‘ಸ್ಥಳ’ ಎಂಬುದು ಒಂದಲ್ಲ, ಮೂರು. ಇವನ್ನು ಒಂದಕ್ಕೊಂದು ಬೆರೆಸಿಕೊಂಡವರಿಗೆ ಮುಂದಿನ ಯಾವ ಮಾತೂ ತಿಳಿಯಲಾರದು.

ಮೊದಲನೆಯದು ಡಿಸ್ಕು. ಇದು ಉಗ್ರಾಣ. ವಿದ್ಯುತ್ತು ನಿಂತರೂ ಇದರಲ್ಲಿರುವುದು ಉಳಿಯುತ್ತದೆ. ಆಟದ ಫೈಲುಗಳೂ ಮಗುವು ಕಟ್ಟಿದ ಲೋಕವೂ ಮನೆಯ ಚಿತ್ರಗಳೂ ಇರುವುದು ಇಲ್ಲಿಯೇ. ಎರಡನೆಯದು ರ‍್ಯಾಮ್, ಅಥವಾ ಸಾಮಾನ್ಯವಾಗಿ ಮೆಮೊರಿ ಎನ್ನುವುದು. ಇದು ಅಡಿಗೆಯ ಕಟ್ಟೆ. ಉಗ್ರಾಣದಿಂದ ತಂದ ಸಾಮಗ್ರಿಯನ್ನು ಕೆಲಸ ನಡೆಯುವವರೆಗೆ ಇಟ್ಟುಕೊಳ್ಳುವ ಜಾಗ. ಯಂತ್ರವನ್ನು ನಿಲ್ಲಿಸಿದೊಡನೆ ಬರಿದಾಗುವುದು. ಮೂರನೆಯದು ಚಿತ್ರಗಳನ್ನು ತೆರೆಯ ಮೇಲೆ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಸ್ವಂತ ಮೆಮೊರಿ. ಪ್ರತ್ಯೇಕ ಕಾರ್ಡಿಲ್ಲದ ಸಾಧಾರಣ ಲ್ಯಾಪ್‌ಟಾಪುಗಳಲ್ಲಿ ಇದಕ್ಕೆ ಬೇರೆ ಜಾಗವಿರುವುದಿಲ್ಲ. ಎರಡನೆಯದರಿಂದಲೇ ಒಂದು ಭಾಗವನ್ನು ಎತ್ತಿಕೊಳ್ಳುತ್ತದೆ. ಆದಕಾರಣ ಎಂಟು ಜಿಬಿಯ ಲ್ಯಾಪ್‌ಟಾಪಿನಲ್ಲಿ ಎಂಟೂ ಆಟಕ್ಕೆ ದೊರೆಯುವವೆಂದು ಎಣಿಸಕೂಡದು.

ಅಳತೆಯ ಮಾತು ಬಂದುದರಿಂದ ಅದನ್ನೂ ಹೇಳಿಬಿಡುತ್ತೇವೆ. ರೋಮನ್ ಲಿಪಿಯ ಒಂದು ಅಕ್ಷರವನ್ನು ಇಡಲು ಬೇಕಾಗುವ ಜಾಗ ಒಂದು ಬೈಟು. ೧೦೨೪ ಬೈಟುಗಳು ಒಂದು ಕೆಬಿ. ೧೦೨೪ ಕೆಬಿಗಳು ಒಂದು ಎಂಬಿ. ೧೦೨೪ ಎಂಬಿಗಳು ಒಂದು ಜಿಬಿ. ಜಿಬಿಯೊಂದರಲ್ಲಿ ನೂರು ಕೋಟಿಗೂ ಮಿಕ್ಕ ಬೈಟುಗಳು ಹಿಡಿಯುತ್ತವೆ.

ಮೊದಲು ಅಳೆಯುವುದು

ವಿಂಡೋಸ್ ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಅದರಲ್ಲಿ ‘ಪರ್ಫಾರ್ಮೆನ್ಸ್’ ಎಂಬ ಭಾಗವನ್ನು ನೋಡಬೇಕು. ಅಲ್ಲಿ ಮೆಮೊರಿ ಎಷ್ಟಿದೆ, ಎಷ್ಟು ಬಳಕೆಯಲ್ಲಿದೆ ಎಂಬುದು ಕಾಣುವುದು. ಗ್ರಾಫಿಕ್ಸಿನ ಮೆಮೊರಿಯೂ ‘ಜಿಪಿಯು’ ಎಂಬ ಹೆಸರಿನ ಕೆಳಗೆ ಅಲ್ಲಿಯೇ ದೊರೆಯುವುದು. ಡಿಸ್ಕಿನ ಸಂಗತಿಯನ್ನು ‘ಸೆಟ್ಟಿಂಗ್ಸ್’, ಅದರಲ್ಲಿ ‘ಸಿಸ್ಟಮ್’, ಅದರಲ್ಲಿ ‘ಸ್ಟೋರೇಜ್’ ಎಂಬಲ್ಲಿ ನೋಡಬಹುದು. ಆಟವನ್ನು ಆರಂಭಿಸುವ ಮುನ್ನ ಒಮ್ಮೆ, ಅರ್ಧ ಗಂಟೆ ಆಡಿದ ಮೇಲೆ ಒಮ್ಮೆ ಈ ಮೂರನ್ನೂ ಕಾಗದದ ಮೇಲೆ ಬರೆದುಕೊಂಡರೆ, ಇಕ್ಕಟ್ಟು ಎಲ್ಲಿದೆಯೆಂಬುದು ಬಹುಮಟ್ಟಿಗೆ ತಾನಾಗಿಯೇ ಹೊರಬೀಳುವುದು. ಹತ್ತು ನಿಮಿಷದ ಈ ಶ್ರಮವನ್ನು ತೆಗೆದುಕೊಳ್ಳದೆ ಅಂಗಡಿಗೆ ಓಡುವುದು ಸರಿಯಲ್ಲ.

ಡಿಸ್ಕು ತುಂಬುವ ಬಗೆ

ಡಿಸ್ಕು ತುಂಬಿದ್ದರೆ, ಆಟವೇ ತುಂಬಿತೆಂದು ತಿಳಿಯುವುದು ಸಹಜ. ಆದರೆ ಹುಡುಕಿ ನೋಡಿದರೆ, ಆಟದ ಸುತ್ತ ಬೆಳೆದ ಪರಿವಾರವೇ ಆಟಕ್ಕಿಂತ ಹೆಚ್ಚು ಜಾಗವನ್ನು ಹಿಡಿದಿರುವುದುಂಟು.

ಮಾಡುಗಳು ಸಾಮಾನ್ಯವಾಗಿ ಒತ್ತಿ ಕಟ್ಟಿದ ಗಂಟಿನ ರೂಪದಲ್ಲಿ ಬರುತ್ತವೆ. ಗಂಟನ್ನು ಬಿಚ್ಚಿದಾಗ ಒಳಗಿನ ಸಾಮಾನು ಒಂದು ಕಡೆ ಹರಡಿಕೊಳ್ಳುತ್ತದೆ. ಬಿಚ್ಚಿದ ಮೇಲೆ ಗಂಟು ಮಾತ್ರ ಹಾಗೆಯೇ ಉಳಿಯುತ್ತದೆ! ಹೀಗೆ ಒಂದೇ ಮಾಡಿಗೆ ಎರಡು ಸಲ ಜಾಗ ವೆಚ್ಚವಾಗುವುದು. ಬಿಚ್ಚುವ ಹೊತ್ತಿನಲ್ಲಿಯೂ ಎರಡಕ್ಕೂ ಜಾಗ ಬೇಕಾದುದರಿಂದ, ಹತ್ತು ಜಿಬಿಯ ಗಂಟನ್ನು ಹನ್ನೆರಡು ಜಿಬಿ ಖಾಲಿಯಿರುವ ಡಿಸ್ಕಿನಲ್ಲಿ ಇಳಿಸಿಕೊಂಡವರು ನಡುವೆ ನಿಂತುಹೋಗುವರು. ಸ್ಕೈರಿಮ್ ಆಡುವವರು ಮಾಡುಗಳನ್ನು ನೋಡಿಕೊಳ್ಳಲು ‘ವೋರ್ಟೆಕ್ಸ್’, ‘ಮಾಡ್ ಆರ್ಗನೈಸರ್’ ಮೊದಲಾದ ಸಹಾಯಕ ಪ್ರೋಗ್ರಾಮುಗಳನ್ನು ಬಳಸುವುದುಂಟು. ಇವುಗಳಲ್ಲಿ ‘ಡೌನ್‌ಲೋಡ್ಸ್’ ಎಂಬ ಫೋಲ್ಡರೊಂದಿದ್ದು, ತಂದ ಗಂಟುಗಳೆಲ್ಲ ಅದರಲ್ಲಿ ಶೇಖರವಾಗಿರುತ್ತವೆ. ಮಾಡು ಸರಿಯಾಗಿ ನೆಲೆಗೊಂಡ ಮೇಲೆ, ಪುನಃ ತರಿಸಿಕೊಳ್ಳಬಹುದಾದ ಗಂಟುಗಳನ್ನು ತೆಗೆಯುವುದರಿಂದ ಆಟಕ್ಕೆ ಬಾಧಕವಿಲ್ಲ.

ವೋರ್ಟೆಕ್ಸಿನಲ್ಲಿ ಇನ್ನೊಂದು ಸೂಕ್ಷ್ಮವುಂಟು. ಅದು ಬಿಚ್ಚಿದ ಮಾಡುಗಳನ್ನು ತನ್ನದೊಂದು ಫೋಲ್ಡರಿನಲ್ಲಿ ಇಟ್ಟುಕೊಂಡು, ಆಟದ ಫೋಲ್ಡರಿನಲ್ಲಿ ಅದೇ ಫೈಲಿಗೆ ಎರಡನೆಯ ಹೆಸರನ್ನು ಮಾತ್ರ ಕೊಡುವುದು ವಾಡಿಕೆ. ಇದನ್ನು ‘ಹಾರ್ಡ್ ಲಿಂಕ್’ ಎನ್ನುವರು. ಒಬ್ಬನನ್ನೇ ಮನೆಯಲ್ಲಿ ಒಂದು ಹೆಸರಿನಿಂದಲೂ ಊರಲ್ಲಿ ಇನ್ನೊಂದು ಹೆಸರಿನಿಂದಲೂ ಕರೆದಂತೆ, ವಸ್ತು ಒಂದೇ. ಇದನ್ನರಿಯದೆ ಎರಡು ಫೋಲ್ಡರುಗಳ ಲೆಕ್ಕವನ್ನೂ ಕೂಡಿದವರು ಮಾಡುಗಳು ಇದ್ದುದರ ಇಮ್ಮಡಿ ಜಾಗವನ್ನು ನುಂಗಿವೆಯೆಂದು ಗಾಬರಿಪಡುವರು. ಒಂದು ಕಡೆ ಅಳಿಸಿ ಜಾಗವು ಒಂದಿಷ್ಟೂ ತೆರವಾಗಲಿಲ್ಲವೆಂದು ಬೆರಗಾಗುವರು. ಎರಡೂ ಹೆಸರುಗಳು ಹೋಗುವವರೆಗೆ ಜಾಗವು ತೆರವಾಗದು. ಇಂತಹ ಮಾಡನ್ನು ಆ ಸಹಾಯಕ ಪ್ರೋಗ್ರಾಮಿನ ಮೂಲಕವೇ ತೆಗೆಯತಕ್ಕದ್ದು.

ಮೈನ್‌ಕ್ರಾಫ್ಟಿನಲ್ಲಿ ತುಂಬುವ ಬಗೆ ಬೇರೆ. ಅಲ್ಲಿಯ ಲೋಕವು ಆಡುವವನು ನಡೆದಂತೆಲ್ಲ ಹೊಸದಾಗಿ ಹುಟ್ಟುತ್ತ ಹೋಗುವುದು. ಒಮ್ಮೆ ಹುಟ್ಟಿದ ನೆಲವನ್ನು ಆಟವು ಡಿಸ್ಕಿನಲ್ಲಿ ಬರೆದಿಡುವುದು. ಉದ್ದಗಲಗಳಲ್ಲಿ ೫೧೨ ಘನಗಳಷ್ಟು ನೆಲಕ್ಕೆ ಒಂದು ಫೈಲು. ೨೦೨೧ನೆಯ ನವೆಂಬರಿನಲ್ಲಿ ಬಂದ ೧.೧೮ನೆಯ ಆವೃತ್ತಿಯಿಂದ ಈಚೆಗೆ ಮುಖ್ಯಲೋಕದ ಎತ್ತರ ೩೮೪ ಘನಗಳು. ಅದಕ್ಕೆ ಮೊದಲು ೨೫೬ ಇದ್ದಿತು. ಅಂದರೆ ಅಂತಹ ಒಂದು ಫೈಲಿನಲ್ಲಿ ಹತ್ತು ಕೋಟಿಗೂ ಮಿಕ್ಕ ಘನಗಳ ಲೆಕ್ಕವಿರಬಹುದು. ಮಗುವು ಒಂದು ಮನೆಯನ್ನು ಕಟ್ಟಿದುದರಿಂದ ಲೋಕವು ದೊಡ್ಡದಾಗುವುದಿಲ್ಲ; ಹಾರುವ ಮಾಡನ್ನು ಹಾಕಿಕೊಂಡು ದಿಕ್ಕುದಿಕ್ಕಿಗೆ ಸುತ್ತಿದುದರಿಂದ ಆಗುವುದು. ಕಾಲಿಟ್ಟು ಮರಳಿ ನೋಡದ ಅಡವಿಗಳೆಲ್ಲ ಡಿಸ್ಕಿನಲ್ಲಿ ಕುಳಿತಿರುತ್ತವೆ.

ಇದಲ್ಲದೆ, ಮಾಡುಗಳ ಕಟ್ಟುಗಳನ್ನು ನಡೆಸುವ ‘ಕರ್ಸ್‌ಫೋರ್ಜ್’ ಮುಂತಾದ ಪ್ರೋಗ್ರಾಮುಗಳು ಒಂದೊಂದು ಕಟ್ಟಿಗೂ ಒಂದೊಂದು ಬೇರೆ ಸಂಸಾರವನ್ನೇ ಹೂಡುತ್ತವೆ. ಅದಕ್ಕೆ ‘ಇನ್‌ಸ್ಟನ್ಸ್’ ಎಂದು ಹೆಸರು. ಹತ್ತು ಕಟ್ಟುಗಳನ್ನು ಪ್ರಯತ್ನಿಸಿ ನೋಡಿದ ಹುಡುಗನ ಯಂತ್ರದಲ್ಲಿ ಹತ್ತು ಸಂಸಾರಗಳಿರುತ್ತವೆ. ತಾನಾಗಿಯೇ ಪ್ರತಿಗಳನ್ನು ತೆಗೆದಿಡುವ ಮಾಡೊಂದಿದ್ದರಂತೂ, ಲೋಕವು ಎರಡು ಜಿಬಿಯಿದ್ದಲ್ಲಿ ಅದರ ಪ್ರತಿಗಳೇ ಹದಿನೈದು ಇಪ್ಪತ್ತು ಜಿಬಿಯಾಗಿ ಬೆಳೆದಿರಬಹುದು. ‘ಲಾಗ್ಸ್’ ಎಂಬ ಫೋಲ್ಡರನ್ನೂ ನೋಡಬೇಕು. ಆಟವು ತನ್ನ ದಿನಚರಿಯನ್ನು ಬರೆದಿಡುವುದು ಅಲ್ಲಿ. ಕೆಟ್ಟ ಮಾಡೊಂದು ಒಂದೇ ದೂರನ್ನು ಕ್ಷಣಕ್ಷಣಕ್ಕೂ ಬರೆಯುತ್ತಿದ್ದರೆ ಆ ದಿನಚರಿಯೇ ಜಿಬಿಗಟ್ಟಲೆ ಬೆಳೆಯುವುದು. ಹಳೆಯ ದಿನಚರಿಗಳನ್ನು ಅಳಿಸಬಹುದು. ಆದರೆ ಮೊದಲು ಅದನ್ನು ತೆರೆದು, ಯಾವ ಮಾಡಿನ ಹೆಸರು ಪದೇ ಪದೇ ಬರುತ್ತಿದೆಯೆಂದು ನೋಡಿದರೆ ರೋಗಕ್ಕೇ ಮದ್ದು ಸಿಗುವುದು.

ಅಳಿಸುವ ಮುನ್ನ

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಒತ್ತಿ ಹೇಳಬೇಕಾಗಿದೆ. ಮಗುವಿನ ಲೋಕವು ‘ಸೇವ್ಸ್’ ಎಂಬ ಫೋಲ್ಡರಿನಲ್ಲಿದೆ. ಆ ಫೋಲ್ಡರು ಆಯಾ ಇನ್‌ಸ್ಟನ್ಸಿನ ಒಳಗಿದೆ. ಬೇಡವಾದ ಕಟ್ಟೆಂದು ಇನ್‌ಸ್ಟನ್ಸನ್ನು ಅಳಿಸಿದರೆ ಅದರೊಳಗಿನ ಲೋಕವೂ ಅಳಿಯುವುದು. ಜಾಗ ಮಾಡಲು ಹೊರಟ ಹಿರಿಯರಿಂದ ಹೀಗಾದರೆ, ಮತ್ತೆ ಅದನ್ನು ಕಟ್ಟುವ ಮನಸ್ಸು ಆ ಮಗುವಿಗೆ ಉಳಿಯುವುದು ಕಷ್ಟ. ಅದು ಆಟವೇ ಆದರೂ, ಅದರಲ್ಲಿ ಕಳೆದ ಕಾಲವೂ ಸ್ನೇಹಿತರೊಡನೆ ಕೂಡಿ ಮಾಡಿದ ಕೆಲಸವೂ ನಿಜವಾದುವೇ ಸರಿ. ಆದುದರಿಂದ ಏನನ್ನು ಮುಟ್ಟುವ ಮುನ್ನವೂ ‘ಸೇವ್ಸ್’ ಫೋಲ್ಡರನ್ನು ಪೂರ್ತಿಯಾಗಿ ಬೇರೊಂದು ಡಿಸ್ಕಿಗೋ ಪೆನ್‌ಡ್ರೈವಿಗೋ ನಕಲು ಮಾಡಿಕೊಳ್ಳತಕ್ಕದ್ದು. ಅದೇ ಡಿಸ್ಕಿನಲ್ಲಿ ಇಟ್ಟ ನಕಲಿನಿಂದ ಇಕ್ಕಟ್ಟೂ ನೀಗದು, ಭದ್ರತೆಯೂ ಆಗದು.

ಡಿಸ್ಕು ತುಂಬಿರುವಾಗ ಆಡುತ್ತಲೇ ಹೋಗುವುದೂ ಅಪಾಯವೇ. ಲೋಕವನ್ನು ಬರೆಯುತ್ತಿರುವಾಗ ಜಾಗ ಮುಗಿದರೆ ಫೈಲು ಅರ್ಧಕ್ಕೆ ನಿಂತು ಕೆಡಬಹುದು. ಮೈನ್‌ಕ್ರಾಫ್ಟಿನಲ್ಲಿ ಲೋಕದ ಮುಖ್ಯ ವಿವರಗಳಿರುವ ‘ಲೆವೆಲ್.ಡ್ಯಾಟ್’ ಎಂಬ ಫೈಲಿನ ಹಿಂದಿನ ಪ್ರತಿಯೊಂದನ್ನು ಆಟವೇ ‘ಲೆವೆಲ್.ಡ್ಯಾಟ್_ಓಲ್ಡ್’ ಎಂಬ ಹೆಸರಿನಲ್ಲಿ ಇಟ್ಟಿರುತ್ತದೆ. ಅದರಿಂದ ಕೆಲವೊಮ್ಮೆ ಲೋಕವನ್ನು ಉಳಿಸಿಕೊಳ್ಳಬಹುದು. ಆದರೆ ಅದು ಕೊನೆಯ ಆಸರೆಯೇ ಹೊರತು ನಂಬಿ ಕೂರತಕ್ಕ ಉಪಾಯವಲ್ಲ.

ಸ್ಕೈರಿಮ್ ಆಟದ ಉಳಿತಾಯದ ಫೈಲುಗಳು ‘ಡಾಕ್ಯುಮೆಂಟ್ಸ್’ ಫೋಲ್ಡರಿನ ಒಳಗೆ ಇರುತ್ತವೆ. ಆ ಫೋಲ್ಡರನ್ನು ಮೈಕ್ರೋಸಾಫ್ಟಿನ ‘ಒನ್‌ಡ್ರೈವ್’ಗೆ ಜೋಡಿಸಿದ್ದರೆ, ಅಲ್ಲಿ ಬಿಟ್ಟಿಯಾಗಿ ಕೊಡುವ ಐದು ಜಿಬಿಯು ಮಗುವಿನ ನೂರಾರು ಉಳಿತಾಯಗಳಿಂದಲೇ ತುಂಬಿ, ಮನೆಯ ಕಾಗದಪತ್ರಗಳಿಗೆ ಜಾಗವಿಲ್ಲವಾಗಬಹುದು. ಹಳೆಯ ಉಳಿತಾಯಗಳನ್ನು ಮಗುವಿನೊಡನೆ ಕುಳಿತು, ಅದನ್ನು ಕೇಳಿಯೇ ತೆಗೆಯುವುದು ಲೇಸು.

ಮೆಮೊರಿಯ ಪಾಲು

ಇನ್ನು ಮೆಮೊರಿಯ ಮಾತು. ಮಾಡುಗಳನ್ನು ಹೆಚ್ಚಾಗಿ ಬಳಸುವ ಮೈನ್‌ಕ್ರಾಫ್ಟಿನ ಆವೃತ್ತಿಯು ‘ಜಾವಾ’ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ರಚಿತವಾದುದು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯವರು ೧೯೯೫ರಲ್ಲಿ ಹೊರತಂದ ಈ ಜಾವಾದಲ್ಲಿ ಒಂದು ನಿಯಮವಿದೆ: ಆಟವು ತನ್ನ ವಸ್ತುಗಳನ್ನು ಇಡಲು ಎಷ್ಟು ಮೆಮೊರಿಯನ್ನು ಬಳಸಬಹುದೆಂದು ಆರಂಭದಲ್ಲಿಯೇ ಒಂದು ಪಾಲನ್ನು ಗೊತ್ತುಮಾಡಲಾಗುವುದು. ಆ ಪಾಲು ಮುಗಿದರೆ, ಯಂತ್ರದಲ್ಲಿ ಇನ್ನೂ ಹತ್ತು ಜಿಬಿ ಖಾಲಿಯಿದ್ದರೂ ಆಟವು ‘ಔಟ್ ಆಫ್ ಮೆಮೊರಿ’ ಎಂದು ಕೂಗಿ ನಿಲ್ಲುವುದು. ಆಟವನ್ನು ತೆರೆಯುವ ಲಾಂಚರು ಬಹುಕಾಲ ಎರಡು ಜಿಬಿಯ ಪಾಲನ್ನೇ ತಾನಾಗಿ ಕೊಡುತ್ತಿದ್ದಿತು. ಮಾಡಿಲ್ಲದ ಆಟಕ್ಕೆ ಅದು ಸಾಕಾದರೂ ನೂರು ಮಾಡುಗಳಿಗೆ ಎಲ್ಲಿಯೂ ಸಾಲದು. ಹೀಗೆ ಯಂತ್ರದಲ್ಲಿ ಹದಿನಾರು ಜಿಬಿಯಿದ್ದೂ ಮೆಮೊರಿ ಸಾಲದೆಂಬ ದೂರು ಹುಟ್ಟುವುದು. ಇದಕ್ಕೆ ಹೊಸ ಮೆಮೊರಿಯನ್ನು ಕೊಂಡು ಹಾಕಿದರೂ ಫಲವಿಲ್ಲ.

ಲಾಂಚರಿನಲ್ಲಿ ಆಯಾ ಕಟ್ಟಿನ ಸೆಟ್ಟಿಂಗುಗಳನ್ನು ತೆರೆದು, ಜಾವಾಕ್ಕೆ ಕೊಡುವ ಸೂಚನೆಗಳ ಸಾಲನ್ನು ನೋಡಬೇಕು. ಅಡ್ಡಗೆರೆಯೊಂದರ ಮುಂದೆ ದೊಡ್ಡ ಎಕ್ಸ್, ಸಣ್ಣ ಎಮ್, ಸಣ್ಣ ಎಕ್ಸ್ ಎಂಬ ಮೂರು ರೋಮನ್ ಅಕ್ಷರಗಳೂ, ಅದರ ಬಳಿಯಲ್ಲಿ ಒಂದು ಸಂಖ್ಯೆಯೂ, ಜಿ ಎಂಬ ಅಕ್ಷರವೂ ಇರುವುವು. ಆ ಸಂಖ್ಯೆಯೇ ಪಾಲು. ಕೆಲವು ಲಾಂಚರುಗಳಲ್ಲಿ ಅಕ್ಷರಗಳ ಬದಲಿಗೆ ಎಳೆಯುವ ಗುಂಡಿಯೊಂದಿರುತ್ತದೆ. ಎಂಟು ಜಿಬಿಯ ಯಂತ್ರದಲ್ಲಿ ನಾಲ್ಕನ್ನು ಕೊಡುವುದು ಒಪ್ಪುವ ಮಾತು. ಹದಿನಾರರಲ್ಲಿ ಆರರಿಂದ ಎಂಟರವರೆಗೆ ಕೊಡಬಹುದು. ಸಾಮಾನ್ಯವಾಗಿ ಅರ್ಧಕ್ಕೆ ಮೀರದಿರುವುದು ಒಳ್ಳೆಯದು.

ಇರುವುದನ್ನೆಲ್ಲ ಆಟಕ್ಕೇ ಕೊಟ್ಟರೆ ಏನು ಕೇಡು ಎಂದು ಮಕ್ಕಳು ಕೇಳುವರು. ಕೇಡು ಎರಡು ಬಗೆಯದು. ವಿಂಡೋಸಿಗೂ ಗ್ರಾಫಿಕ್ಸಿಗೂ ಜಾಗವುಳಿಯದೆ ಇಡೀ ಯಂತ್ರವೇ ಏದುಸಿರು ಬಿಡುವುದು ಒಂದು. ಜಾವಾದ ಕಸಗುಡಿಸುವ ಕ್ರಮ ಎರಡನೆಯದು. ಜಾವಾದಲ್ಲಿ ಬಳಸಿ ಬಿಟ್ಟ ವಸ್ತುಗಳು ಆಗಿಂದಾಗಲೇ ಹೋಗುವುದಿಲ್ಲ. ಒಂದಷ್ಟು ಕೂಡಿದ ಮೇಲೆ ಅವನ್ನು ಗುಡಿಸಿಹಾಕುವ ವ್ಯವಸ್ಥೆಯುಂಟು. ಪಾಲು ತೀರ ಚಿಕ್ಕದಾದರೆ ಗುಡಿಸುವ ಕೆಲಸ ಎಡೆಬಿಡದೆ ನಡೆದು ಆಟವು ಮುಗ್ಗರಿಸುವುದು. ತೀರ ದೊಡ್ಡದಾದರೆ ಕಸವು ಬಹಳ ಕೂಡಿ, ಗುಡಿಸುವ ಹೊತ್ತಿಗೆ ಆಟವು ಒಂದೆರಡು ಕ್ಷಣ ಸ್ತಬ್ಧವಾಗುವುದುಂಟು. ಹದವಾಗಿರುವುದೇ ಮೇಲು.

ಆಟದೊಳಗೆ ಎಫ್೩ ಎಂಬ ಕೀಲಿಯನ್ನು ಒತ್ತಿದರೆ ಮೆಮೊರಿಯ ಬಳಕೆಯ ಅಂಕಿ ಕಾಣುವುದು. ಅದು ಏರುತ್ತ ಏರುತ್ತ ಹೋಗಿ ಒಮ್ಮೆಲೇ ಇಳಿಯುವುದು, ಪುನಃ ಏರುವುದು. ಇದನ್ನು ಕಂಡು ಹೆದರಬೇಕಾಗಿಲ್ಲ. ಇದು ಗುಡಿಸುವ ಕ್ರಮವಷ್ಟೆ. ಇಳಿದಾಗ ಎಲ್ಲಿಗೆ ಬಂದು ನಿಲ್ಲುವುದೆಂಬುದನ್ನು ನೋಡಬೇಕು. ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಮಟ್ಟಕ್ಕೆ ಇಳಿದರೆ ಆಟವು ಆರೋಗ್ಯವಾಗಿದೆ. ಒಂದೇ ಜಾಗದಲ್ಲಿ ನಿಂತಿದ್ದರೂ ಗಂಟೆಗಂಟೆಗೆ ಆ ಕೆಳಗಿನ ಮಟ್ಟವು ಮೇಲೇರುತ್ತ ಬಂದರೆ, ಯಾವುದೋ ಮಾಡು ಬಳಸಿದುದನ್ನು ಬಿಡದೆ ಹಿಡಿದುಕೊಂಡಿದೆ. ಇದನ್ನು ಮೆಮೊರಿಯ ಸೋರಿಕೆ ಎನ್ನುವರು. ಸೋರುವ ಕೊಡಕ್ಕೆ ಎಷ್ಟು ನೀರು ತುಂಬಿದರೇನು? ಪಾಲನ್ನು ಹೆಚ್ಚಿಸಿದರೆ ಆಟವು ನಿಲ್ಲುವುದು ಒಂದು ಗಂಟೆ ತಡವಾಗುವುದೇ ಹೊರತು ತಪ್ಪುವುದಿಲ್ಲ. ಆ ಮಾಡಿನ ಹೊಸ ಆವೃತ್ತಿಯನ್ನು ಹಾಕುವುದು, ಇಲ್ಲವೇ ಅದನ್ನು ಬಿಡುವುದು, ಇವೇ ದಾರಿ.

ನಾಲ್ಕು ಜಿಬಿಯ ಮೇರೆ

ಸ್ಕೈರಿಮ್ ಆಟದ ಚರಿತ್ರೆಯಿಂದ ಇನ್ನೊಂದು ಪಾಠ ದೊರೆಯುತ್ತದೆ. ೨೦೧೧ರ ಸ್ಕೈರಿಮ್ ೩೨ ಬಿಟ್ಟಿನ ಪ್ರೋಗ್ರಾಮು. ಅಂದರೆ ಮೆಮೊರಿಯ ಮನೆಗಳಿಗೆ ಅದು ಕೊಡಬಲ್ಲ ವಿಳಾಸಗಳ ಸಂಖ್ಯೆ ೪೨೯ ಕೋಟಿಗೆ ಸ್ವಲ್ಪ ಮೇಲೆ, ಅಷ್ಟಕ್ಕೇ ಮುಗಿಯಿತು; ಅದು ಸರಿಯಾಗಿ ನಾಲ್ಕು ಜಿಬಿ. ಅದರಲ್ಲಿಯೂ ಇಂತಹ ಪ್ರೋಗ್ರಾಮಿಗೆ ವಿಂಡೋಸು ಸಾಮಾನ್ಯವಾಗಿ ಎರಡನ್ನು ಮಾತ್ರ ಬಿಟ್ಟುಕೊಡುವುದು. ಆಟವು ಹೊರಬಂದ ಕೆಲವು ವಾರಗಳಲ್ಲಿಯೇ ಮಾಡುಗಳನ್ನು ಹಾಕಿದವರ ಯಂತ್ರಗಳಲ್ಲಿ ಆಟವು ಎರಡು ಜಿಬಿಯ ಗೋಡೆಗೆ ಹಾಯ್ದು ನಿಲ್ಲತೊಡಗಿತು. ನಾಲ್ಕರವರೆಗೂ ಬಳಸಬಲ್ಲೆನೆಂಬ ಗುರುತನ್ನು ಆಟದ ಪ್ರೋಗ್ರಾಮಿಗೆ ಹಚ್ಚುವ ಉಪಾಯವನ್ನು ಹವ್ಯಾಸಿಗಳು ಕಂಡುಹಿಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸ್ಥೆಯವರೇ ತಮ್ಮ ತಿದ್ದುಪಡಿಯಲ್ಲಿ ಆ ಗುರುತನ್ನು ಸೇರಿಸಿದರು.

ಆದರೆ ಮಾಡುಗಳು ಬೆಳೆಯುತ್ತ ಹೋದವು, ನಾಲ್ಕೂ ಸಾಲದಾಯಿತು. ಯಾವ ಬರಹವನ್ನೂ ತೋರಿಸದೆ ಆಟವು ತಟ್ಟನೆ ಮಾಯವಾಗಿ ಬರಿಯ ತೆರೆ ಉಳಿಯುವುದು ಸಾಮಾನ್ಯವಾಯಿತು. ೨೦೧೬ನೆಯ ಅಕ್ಟೋಬರಿನಲ್ಲಿ ೬೪ ಬಿಟ್ಟಿನ ‘ಸ್ಪೆಷಲ್ ಎಡಿಷನ್’ ಹೊರಬಂದ ಮೇಲೆಯೇ ಆ ಮೇರೆ ತೊಲಗಿದುದು. ಹಳೆಯ ಆವೃತ್ತಿಯನ್ನೇ ಇಟ್ಟುಕೊಂಡಿರುವ ಮನೆಯಲ್ಲಿ ಯಂತ್ರಕ್ಕೆ ಮೂವತ್ತೆರಡು ಜಿಬಿ ಮೆಮೊರಿಯನ್ನು ಕೂಡಿಸಿದರೂ ಆಟವು ನಾಲ್ಕನ್ನು ದಾಟಿ ನೋಡಲಾರದು. ಜಾವಾದಲ್ಲಿಯೂ ೩೨ ಬಿಟ್ಟಿನದೊಂದು ಉಂಟು. ಹಳೆಯ ಯಂತ್ರಗಳಲ್ಲಿ ಅದು ಉಳಿದಿದ್ದರೆ, ನಾಲ್ಕು ಜಿಬಿಯ ಪಾಲನ್ನು ಕೇಳಿದೊಡನೆ ಆರಂಭದಲ್ಲಿಯೇ ನಿಲ್ಲುವುದು. ಅಲ್ಲಿ ೬೪ ಬಿಟ್ಟಿನ ಜಾವಾವನ್ನು ಹಾಕುವುದೇ ಪರಿಹಾರ. ಅದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ.

ಚಿತ್ರಗಳ ಭಾರ

ಮೂರನೆಯ ಸ್ಥಳವಾದ ಗ್ರಾಫಿಕ್ಸಿನ ಮೆಮೊರಿಯನ್ನು ನುಂಗುವುವು ‘ಟೆಕ್ಸ್ಚರ್’ಗಳೆಂಬ ಚಿತ್ರಗಳು. ಇಲ್ಲಿ ಲೆಕ್ಕವೊಂದನ್ನು ಮಾಡಿ ನೋಡುವುದು ಪ್ರಯೋಜನಕರ. ಮೈನ್‌ಕ್ರಾಫ್ಟಿನ ಒಂದು ಘನದ ಮುಖದ ಮೇಲಿನ ಚಿತ್ರವು ಮೂಲದಲ್ಲಿ ಉದ್ದ ೧೬, ಅಗಲ ೧೬ ಚುಕ್ಕೆಗಳು. ಒಂದು ಚುಕ್ಕೆಗೆ ನಾಲ್ಕು ಬೈಟುಗಳಂತೆ ಒಂದು ಚಿತ್ರಕ್ಕೆ ಒಂದು ಕೆಬಿ. ಉದ್ದಗಲಗಳು ೫೧೨ ಇರುವ ಚಿತ್ರಗಳ ಕಟ್ಟನ್ನು ಹಾಕಿದರೆ, ಒಂದೊಂದು ಚಿತ್ರಕ್ಕೂ ಒಂದು ಎಂಬಿ ಬೇಕಾಗುವುದು. ಉದ್ದವು ಹೆಚ್ಚಿದುದು ೩೨ ಪಟ್ಟು. ಭಾರವು ಹೆಚ್ಚಿದುದು ೧೦೨೪ ಪಟ್ಟು! ಚಿತ್ರದ ಉದ್ದಗಲಗಳನ್ನು ಇಮ್ಮಡಿ ಮಾಡಿದಾಗಲೆಲ್ಲ ಜಾಗವು ನಾಲ್ಮಡಿಯಾಗುವುದೆಂಬ ಒಂದು ಸೂತ್ರವನ್ನು ನೆನಪಿನಲ್ಲಿಟ್ಟರೆ ಸಾಕು.

ಸ್ಕೈರಿಮ್ ಮಾಡುಗಳಲ್ಲಿ ೨ಕೆ, ೪ಕೆ ಎಂಬ ಮಾತುಗಳು ಬರುತ್ತವೆ. ಉದ್ದಗಲಗಳು ೨೦೪೮ ಚುಕ್ಕೆಗಳಿರುವುದು ಮೊದಲನೆಯದು, ೪೦೯೬ ಇರುವುದು ಎರಡನೆಯದು. ಒತ್ತಡಿಸದೆ ಇಟ್ಟರೆ ಮೊದಲನೆಯದಕ್ಕೆ ೧೬ ಎಂಬಿ, ಎರಡನೆಯದಕ್ಕೆ ೬೪ ಎಂಬಿ ಬೇಕು. ಒಂದು ಚುಕ್ಕೆಗೆ ಒಂದೇ ಬೈಟಾಗುವಂತೆ ಒತ್ತಡಿಸಿದರೆ ಅವು ೪ ಮತ್ತು ೧೬ ಎಂಬಿಗೆ ಇಳಿಯುತ್ತವೆ. ದೂರದಲ್ಲಿ ಬಿದ್ದಿರುವ ಒಂದು ಬುಟ್ಟಿಗೋ ಚಮಚಕ್ಕೋ ೪ಕೆ ಚಿತ್ರವನ್ನು ಹಾಕುವುದು ಅಡಿಗೆಯ ಸೌಟಿಗೆ ಚಿನ್ನದ ಕಟ್ಟು ಹಾಕಿಸಿದಂತೆ. ಆಟಗಾರನ ಕಣ್ಣಿಗೆ ಹತ್ತಿರವಾಗಿ ಬರುವ ಮುಖ, ಉಡುಪು, ಬೆಟ್ಟಗಳಿಗೆ ಮಾತ್ರ ದೊಡ್ಡ ಚಿತ್ರಗಳನ್ನಿಟ್ಟು ಉಳಿದುವಕ್ಕೆ ಚಿಕ್ಕವನ್ನು ಹಾಕಿದರೆ, ಅಂದವೂ ಕೆಡದು, ಭಾರವೂ ಇಳಿಯುವುದು. ಎಷ್ಟೋ ಮಾಡುಗಳು ಎರಡೂ ಅಳತೆಗಳಲ್ಲಿ ದೊರೆಯುತ್ತವೆ.

ಡಿಸ್ಕಿನ ದೋಷ ಮೆಮೊರಿಯ ವೇಷದಲ್ಲಿ

ಇನ್ನು, ಜಾಣರನ್ನೂ ದಾರಿತಪ್ಪಿಸುವ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಪ್ರೋಗ್ರಾಮೊಂದು ಮೆಮೊರಿಯನ್ನು ಕೇಳಿದಾಗ ವಿಂಡೋಸು ಅಷ್ಟನ್ನು ಕೊಡುವುದಾಗಿ ಮಾತು ಕೊಡುತ್ತದೆ. ಪ್ರೋಗ್ರಾಮು ಅದನ್ನು ಇನ್ನೂ ಬಳಸದಿದ್ದರೂ ಮಾತು ಮಾತೇ. ಹೀಗೆ ಕೊಟ್ಟ ಮಾತುಗಳ ಮೊತ್ತವು ರ‍್ಯಾಮೂ, ಡಿಸ್ಕಿನಲ್ಲಿ ಅದಕ್ಕೆ ಆಸರೆಯಾಗಿರುವ ‘ಪೇಜ್ ಫೈಲ್’ ಎಂಬ ಜಾಗವೂ ಕೂಡಿದಷ್ಟನ್ನು ಮೀರಕೂಡದು. ಪೇಜ್ ಫೈಲು ಸಾಮಾನ್ಯವಾಗಿ ಸಿ ಡ್ರೈವಿನಲ್ಲಿರುತ್ತದೆ, ಬೇಕಾದಂತೆ ಬೆಳೆಯುತ್ತದೆ. ಆದರೆ ಮಾಡುಗಳೂ ಪ್ರತಿಗಳೂ ಸೇರಿ ಸಿ ಡ್ರೈವು ತುಂಬಿಹೋಗಿದ್ದರೆ ಅದು ಬೆಳೆಯಲು ಎಡೆಯೆಲ್ಲಿ? ಆಗ ರ‍್ಯಾಮಿನಲ್ಲಿ ಮೂರು ನಾಲ್ಕು ಜಿಬಿ ಬರಿದಾಗಿ ಕಾಣುತ್ತಿದ್ದರೂ ‘ಮೆಮೊರಿ ಸಾಲದು’ ಎಂಬ ಉತ್ತರವೇ ಬರುವುದು.

ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿಯ ಪುಟದಲ್ಲಿ ‘ಕಮಿಟೆಡ್’ ಎಂದು ಎರಡು ಅಂಕಿಗಳಿರುತ್ತವೆ. ಕೊಟ್ಟ ಮಾತು ಮೊದಲನೆಯದು, ಮೇರೆ ಎರಡನೆಯದು. ಆಟ ನಿಲ್ಲುವ ಹೊತ್ತಿಗೆ ಮೊದಲನೆಯದು ಎರಡನೆಯದನ್ನು ಮುಟ್ಟುವಂತಿದ್ದರೆ ಕಾರಣವು ಇದೇ. ಸಿ ಡ್ರೈವಿನಲ್ಲಿ ಜಾಗ ಮಾಡಿಕೊಡಬೇಕು. ಯಾರಾದರೂ ಪೇಜ್ ಫೈಲನ್ನು ನಿಲ್ಲಿಸಿದ್ದರೆ ಅದನ್ನು ಪುನಃ ವಿಂಡೋಸಿನ ಮೇಲ್ವಿಚಾರಣೆಗೆ ಬಿಡಬೇಕು. ಮೆಮೊರಿಯ ದೂರಿಗೆ ಡಿಸ್ಕಿನಲ್ಲಿ ಮದ್ದು ಇರುವುದೂ ಉಂಟೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ತಪ್ಪಿತಸ್ಥ ಮಾಡನ್ನು ಹುಡುಕುವ ಕ್ರಮ

ಮೂರು ಸ್ಥಳಗಳಲ್ಲಿಯೂ ಜಾಗವಿದ್ದು, ಪಾಲೂ ಸರಿಯಾಗಿದ್ದು, ಆದರೂ ಆಟವು ನಿಲ್ಲುತ್ತಿದ್ದರೆ ಯಾವುದೋ ಒಂದು ಮಾಡಿನ ಮೇಲೆ ಸಂಶಯಪಡಬೇಕು. ನೂರು ಮಾಡುಗಳಲ್ಲಿ ಒಂದೊಂದನ್ನೇ ತೆಗೆದು ನೋಡುತ್ತ ಕುಳಿತರೆ ವಾರವೇ ಕಳೆದುಹೋಗಬಹುದು. ಅರ್ಧದಷ್ಟನ್ನು ಒಟ್ಟಿಗೆ ತೆಗೆದು ನೋಡುವುದು ಉತ್ತಮ. ತೊಡಕು ಹೋದರೆ ತಪ್ಪಿತಸ್ಥನು ತೆಗೆದ ಅರ್ಧದಲ್ಲಿರುವನು. ಹೋಗದಿದ್ದರೆ ಉಳಿದ ಅರ್ಧದಲ್ಲಿ. ಆ ಅರ್ಧವನ್ನು ಮತ್ತೆ ಅರ್ಧ ಮಾಡುತ್ತ ಹೋದರೆ, ನೂರರಲ್ಲಿ ಒಂದನ್ನು ಹಿಡಿಯಲು ಏಳು ಪರೀಕ್ಷೆಗಳು ಸಾಕು. ಒಂದು ಮಾಡು ಇನ್ನೊಂದನ್ನು ಅವಲಂಬಿಸಿರುವುದುಂಟು. ಅಂತಹ ಜೋಡಿಗಳನ್ನು ಅಗಲಿಸದೆ ಒಂದೇ ಕಡೆ ಇಡಬೇಕು.

ಈ ಪರೀಕ್ಷೆಯನ್ನು ಮಗುವಿನ ನಿಜವಾದ ಲೋಕದಲ್ಲಿ ಎಂದಿಗೂ ಮಾಡಕೂಡದು. ಒಂದು ಮಾಡನ್ನು ತೆಗೆದು ಮೈನ್‌ಕ್ರಾಫ್ಟಿನ ಲೋಕವನ್ನು ತೆರೆದರೆ, ಆ ಮಾಡಿನಿಂದ ಬಂದಿದ್ದ ಘನಗಳೂ ಯಂತ್ರಗಳೂ ಆ ಲೋಕದಿಂದ ಅಳಿಸಿಹೋಗುವುವು. ಮಾಡನ್ನು ಪುನಃ ಹಾಕಿದರೂ ಅವು ಮರಳುವುದಿಲ್ಲ. ಸ್ಕೈರಿಮ್ ಆಟದಲ್ಲಿಯೂ ನಡುವೆ ತೆಗೆದ ಮಾಡಿನ ಅವಶೇಷಗಳು ಉಳಿತಾಯದ ಫೈಲಿನಲ್ಲಿ ಸಿಕ್ಕಿಕೊಂಡು ಮುಂದೆ ಹೊಸ ತೊಡಕುಗಳನ್ನು ಹುಟ್ಟಿಸಬಹುದು. ನಕಲು ಮಾಡಿದ ಲೋಕದಲ್ಲಿ, ಇಲ್ಲವೇ ಹೊಸದಾಗಿ ಹುಟ್ಟಿಸಿದ ಲೋಕದಲ್ಲಿ ಪರೀಕ್ಷೆ ನಡೆಯಲಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದನ್ನೂ ಕಾಗದದ ಮೇಲೆ ಬರೆದಿಡುವುದು, ಇವೆರಡು ನಿಯಮಗಳನ್ನು ಪಾಲಿಸಿದವರಿಗೆ ಹೆಚ್ಚಿನ ಪಾಂಡಿತ್ಯವೇನೂ ಬೇಕಾಗಿಲ್ಲ.

ಕೊನೆಯ ಮಾತು

ಹೀಗೆಲ್ಲ ಮಾಡಿದ ಮೇಲೂ ಕೆಲವು ಸಲ ಯಂತ್ರವೇ ಚಿಕ್ಕದೆಂದು ತಿಳಿಯಬರಬಹುದು. ಕಟ್ಟನ್ನು ಮಾಡಿದವರೇ ಅದಕ್ಕ ಎಂಟು ಜಿಬಿಯ ಪಾಲು ಬೇಕೆಂದು ಹೇಳಿರುವಾಗ ಎಂಟು ಜಿಬಿಯ ಯಂತ್ರದಲ್ಲಿ ಅದನ್ನು ನಡೆಸುವ ಉಪಾಯವಿಲ್ಲ. ಆಗ ಮೆಮೊರಿಯನ್ನು ಕೊಳ್ಳುವುದು ಸಾರ್ಥಕವಾದ ವೆಚ್ಚವೇ. ಆದರೆ ಕೆಲವು ಲ್ಯಾಪ್‌ಟಾಪುಗಳಲ್ಲಿ ಮೆಮೊರಿಯನ್ನು ಬೆಸುಗೆಹಾಕಿ ಕೂರಿಸಿರುವುದರಿಂದ, ಹೆಚ್ಚಿಸಲು ಎಡೆಯಿದೆಯೇ ಎಂದು ಮೊದಲು ಕೇಳಿ ತಿಳಿಯಬೇಕು. ಕೊಳ್ಳಲಾಗದಿದ್ದರೆ ಮಾಡುಗಳನ್ನು ಕಡಿಮೆ ಮಾಡಬೇಕು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ಹಾಸಿಗೆ ಎಷ್ಟಿದೆಯೆಂದು ಅಳೆದು ನೋಡಿದವರಿಗೆ ಮಾತ್ರ ಅದು ಉಪಯೋಗಕ್ಕೆ ಬರುವುದು.

ಇದೆಲ್ಲವನ್ನೂ ಹಿರಿಯರೇ ಮಾಡಬೇಕೆಂದಿಲ್ಲ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಂಕಿಗಳನ್ನು ಅವರಿಂದಲೇ ಬರೆಸಿ, ಯಾವುದನ್ನು ಉಳಿಸಬೇಕು ಯಾವುದನ್ನು ತೆಗೆಯಬೇಕೆಂಬುದನ್ನು ಅವರಿಂದಲೇ ಹೇಳಿಸುವುದು ಒಳ್ಳೆಯದು. ಮಗುವು ತಾನು ಕಟ್ಟಿದ ಲೋಕವನ್ನು ತಾನೇ ನಕಲು ಮಾಡಿ ಭದ್ರವಾಗಿಡಲು ಕಲಿತರೆ, ಮುಂದೆ ಮನೆಯ ಚಿತ್ರಗಳನ್ನೂ ಕಾಗದಪತ್ರಗಳನ್ನೂ ಹಾಗೆಯೇ ಕಾಪಾಡುವುದು. ತಿಂಗಳಿಗೊಮ್ಮೆ ಒಂದು ಭಾನುವಾರ ಇದಕ್ಕಾಗಿ ಅರ್ಧ ಗಂಟೆಯನ್ನು ಮೀಸಲಿಟ್ಟ ಮನೆಯಲ್ಲಿ ಆಟವೂ ನಡೆಯುವುದು, ಉಳಿದವರ ಕೆಲಸವೂ ನಿಲ್ಲದು.